ಕತ್ತಲಲ್ಲಿ ಹಿತುಕಿದ ಅವರೆ

ಆ ಸಂಜೆ ನಮ್ಮ ಮನೆಯಲ್ಲಿ ಕರೆಂಟು ಹೋಗಿತ್ತೋ ಇಲ್ಲವೋ, ನನಗೆ ಖಚಿತವಿಲ್ಲ. ಕತ್ತಲಾಗಿತ್ತು, ಅದು ನಿಜ. ನಾವು ಐದು ಜನ ನಡುಮನೆಯ ನೆಲದ ಮೇಲೆ ಕುಳಿತು ಅವರೆಕಾಳು ಹಿತುಕಿದೆವು, ಅದೂ ನಿಜ. ಆದರೆ ಕತ್ತಲೆ ತಾನಾಗಿ ಬಂದದ್ದೋ, ಯಾರಾದರೂ ಬರಮಾಡಿಕೊಂಡದ್ದೋ ಎಂಬಲ್ಲಿಗೆ ಬಂದರೆ ನನ್ನ ನೆನಪು ತೊದಲುತ್ತದೆ. ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಇಷ್ಟು ವರ್ಷಗಳಲ್ಲಿ ಆ ಸಂಜೆಯನ್ನು ಎಷ್ಟು ಸಲ ಪೆಟ್ಟಿಗೆಯಿಂದ ತೆಗೆದು, ಕೊಡವಿ, ಮಡಿಸಿ ಇಟ್ಟಿದ್ದೇನೆಂದರೆ ಅದರಲ್ಲಿ ಮೂಲದ ಬಟ್ಟೆ ಎಷ್ಟು, ನಾನು ಹಾಕಿದ ತೇಪೆ ಎಷ್ಟು ಎಂದು ಬೇರ್ಪಡಿಸುವುದು ಈಗ ನನ್ನಿಂದಾಗದು.

ಇದನ್ನು ಇಷ್ಟು ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ ಎಂದು ನೀವು ಹೇಳಬಹುದು. ಆದರೆ ನಾನು ಓದಿದ್ದು ಇತಿಹಾಸ. ಮೈಸೂರಿನಲ್ಲಿ ಎರಡು ವರ್ಷ ಕೂತು ಕಲಿತದ್ದನ್ನೆಲ್ಲ ಹಿಂಡಿದರೆ ಕೊನೆಗೆ ಉಳಿಯುವುದು ಒಂದೇ ಪ್ರಶ್ನೆ: ಆಧಾರ ಎಲ್ಲಿ? ಈ ಪ್ರಶ್ನೆಯನ್ನು ಶಾಸನಗಳ ಮೇಲೆ ಪ್ರಯೋಗಿಸಿದೆ, ಊರ ಹಿರಿಯರ ಮೇಲೆ ಪ್ರಯೋಗಿಸಿ ಬೈಸಿಕೊಂಡೆ, ಮದುವೆಯಾದ ಹೊಸದರಲ್ಲಿ ಹೆಂಡತಿಯ ಮೇಲೂ ಪ್ರಯೋಗಿಸಿ ಎರಡು ದಿನ ಹೋಟೆಲಿನಲ್ಲಿ ಉಂಡೆ. ಐವತ್ತು ದಾಟಿದ ಮೇಲೆ ಅದು ಹೊರಗೆ ಎಲ್ಲೂ ಸಲ್ಲದೆ ತಿರುಗಿ ನನ್ನ ಮೇಲೇ ಕೂತಿದೆ.

ನಾನೀಗ ಇರುವುದು ನಾಗಮಂಗಲದಲ್ಲಿ, ಕಾಲೇಜಿನಲ್ಲಿ ಪಾಠ ಹೇಳಿಕೊಂಡು. ನಮ್ಮ ಮನೆಯಲ್ಲಿ ಸಂಜೆ ಎನ್ನುವುದು ಆಗುವುದೇ ಇಲ್ಲ. ಹಗಲು ಮುಗಿದರೆ ಟ್ಯೂಬ್‌ಲೈಟು. ಕರೆಂಟು ಹೋದರೆ ಇನ್ವರ್ಟರು ಮೂಲೆಯಲ್ಲಿ ಟಿಕ್ ಎನ್ನುತ್ತದೆ. ಫ್ಯಾನು ಅರೆಕ್ಷಣ ಯೋಚಿಸಿದಂತೆ ಮಾಡಿ ಮತ್ತೆ ತಿರುಗುತ್ತದೆ. ಕರೆಂಟು ಹೋದದ್ದು ನಮಗೆ ತಿಳಿಯುವುದು ಪಕ್ಕದ ಮನೆಯ ಟಿ.ವಿ. ಸುಮ್ಮನಾದಾಗ. ಒಂದು ದಿನ ಹೆಂಡತಿಗೆ, ವಾರಕ್ಕೊಂದು ಸಂಜೆ ದೀಪವನ್ನೇ ಹಾಕದೆ ಇರೋಣ, ಎಷ್ಟು ಚೆನ್ನಾಗಿರುತ್ತದೆ ನೋಡು ಎಂದೆ. ಅವಳು ಕೊತ್ತಂಬರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

"ನಿಮಗೆ ಕತ್ತಲೆ ಬೇಕಾದ್ರೆ ಕಣ್ ಮುಚ್ಕಂಡ್ ಕೂತ್ಕಳಿ. ನಿಮ್ ಸಂತೋಷಕ್ಕೆ ನಾನ್ಯಾಕೆ ಬೆರಳು ಕುಯ್ಕಳ್ಳಿ?"

ಆದರೂ ಒಂದು ಸಂಜೆ ಪ್ರಯೋಗ ನಡೆಯಿತು. ಅದು ನನ್ನ ಕಾಲಿನ ಹೆಬ್ಬೆರಳು ಮಂಚದ ಕಾಲಿಗೆ ಬಡಿಯುವವರೆಗೆ ಮುಂದುವರಿದು, ಆಮೇಲೆ ಫೋನಿನ ಟಾರ್ಚು ಹಾಕಿಕೊಂಡು ಉಗುರು ನೋಡುವಲ್ಲಿಗೆ ಮುಗಿಯಿತು. ಬೇಕೆಂದು ಮಾಡಿದ ಕತ್ತಲೆಗೆ ರುಚಿಯಿಲ್ಲ ಎಂದು ಅಂದು ತೀರ್ಮಾನಿಸಿದೆ. ಕತ್ತಲೆ ತಾನಾಗಿ ಬರಬೇಕು, ನಾವು ಅದಕ್ಕೆ ಸಿಕ್ಕಿಬೀಳಬೇಕು, ಆಗಲೇ ಅದರ ಸುಖ. ತೀರ್ಮಾನಿಸಿದ ಅರ್ಧ ಗಂಟೆಯಲ್ಲೇ ಪಾಂಡವಪುರದ ಆ ಸಂಜೆ ನೆನಪಾಗಿ, ತೀರ್ಮಾನ ಅಲುಗಾಡತೊಡಗಿತು.

ಪಾಂಡವಪುರದಲ್ಲಿ ನಮ್ಮ ಮನೆ ಇದ್ದದ್ದು ನಾಲೆಯ ಕಡೆಗೆ ಇಳಿಯುವ ಬೀದಿಯಲ್ಲಿ. ಅಪ್ಪ ನೀರುಗಂಟಿ. ನಾಲೆಯ ತೂಬುಗಳನ್ನು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಹೊತ್ತಿಗೆ ಸರಿಯಾಗಿ ಇಳಿಸಿ ನಿಲ್ಲಿಸುವುದು ಅವನ ಕೆಲಸ. ಮಾತನ್ನೂ ಅವನು ಹಾಗೇ ಬಳಸುತ್ತಿದ್ದ. ಬೆಳಿಗ್ಗೆ ಒಂದಿಷ್ಟು ಬಿಡುತ್ತಿದ್ದ, ಆಮೇಲೆ ಹಲಗೆ ಇಳಿಸಿಬಿಟ್ಟರೆ ಮುಗಿಯಿತು. ಮನೆಯಲ್ಲಿ ಅವ್ವ, ಅಕ್ಕ ಸರೋಜ, ನಾನು. ಆ ವರ್ಷ ನಮ್ಮ ಜೊತೆಗೆ ಇನ್ನೊಬ್ಬರು ಸೇರಿದ್ದರು. ಅಪ್ಪನ ಅಕ್ಕ, ನಮ್ಮ ನಿಂಗಮ್ಮತ್ತೆ. ಕೆ.ಆರ್. ಪೇಟೆ ಕಡೆಯ ಹಳ್ಳಿಗೆ ಕೊಟ್ಟಿದ್ದ ಅತ್ತೆಗೆ ಗಂಡನೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಎರಡು ವರ್ಷದಿಂದ ಮಸುಕಾಗುತ್ತ ಬಂದ ಅವಳ ಕಣ್ಣು ಆ ದಸರಾ ಹೊತ್ತಿಗೆ ಪೂರ್ತಿ ಹೋಯಿತು. ಕಣ್ಣಿನ ನರ ಸೊರಗಿದೆ, ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅಪ್ಪ ಹೋಗಿ ಕರೆದುಕೊಂಡು ಬಂದಿದ್ದ. ಅವರ ತಾಯಿ ಬೇಗ ತೀರಿಹೋಗಿ, ಅಪ್ಪನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಈ ಅಕ್ಕನೇ.

ನಾನು ಎಂ.ಎ. ಮೊದಲ ವರ್ಷದಲ್ಲಿದ್ದೆ. ಸಂಕ್ರಾಂತಿಗೆ ಮುಂಚೆ ರಜಕ್ಕೆಂದು ಬಂದಾಗ ಅತ್ತೆ ಮೂಲೆಯ ಚಾಪೆಯ ಮೇಲೆ ಕೂತಿದ್ದಳು. ಮೂರು ದಿನ ನೋಡಿದೆ, ಮೂರು ದಿನವೂ ಅದೇ ಮೂಲೆ. ಅವ್ವನಿಗೆ ಕೆಟ್ಟ ಮನಸ್ಸಿರಲಿಲ್ಲ. ಅತ್ತೆ ಒಲೆಯ ಹತ್ತಿರ ಬಂದರೆ ಎಲ್ಲಿ ಸೆರಗಿಗೆ ಕಿಚ್ಚು ತಾಗುತ್ತದೋ, ಈಳಿಗೆಮಣೆ ಮುಟ್ಟಿದರೆ ಎಲ್ಲಿ ಕೈ ಕೊಯ್ದುಕೊಳ್ಳುತ್ತಾಳೋ ಎಂಬ ಭಯ. "ನೀವ್ ಕೂತ್ಕಳಿ ಅತ್ಗೆಮ್ಮ, ನಾ ಮಾಡ್ತೀನಿ" ಎನ್ನುತ್ತಿದ್ದಳು, ದಿನಕ್ಕೆ ಇಪ್ಪತ್ತು ಸಲ. ಪ್ರೀತಿಯಿಂದ ಆಡಿದ ಮಾತೇ ಆದರೂ ಇಪ್ಪತ್ತು ಸಲ ಕೇಳಿದರೆ ಅದು 'ನೀವು ಬೇಡ' ಎಂದು ಕೇಳಿಸಲು ಶುರುವಾಗುತ್ತದೆ. ನಾಲ್ಕನೆಯ ದಿನ ಅತ್ತೆ ತನ್ನ ಎರಡು ಸೀರೆಗಳನ್ನು ತಡವಿ ಹುಡುಕಿ ಗಂಟು ಕಟ್ಟಿಟ್ಟುಕೊಂಡಳು.

"ನಾಳಿದ್ದು ಊರ್ಗೆ ವೋಯ್ತೀನಿ ಕಣ್ಲಾ ಬೋರ" ಎಂದಳು ಅಪ್ಪನಿಗೆ. "ಅಲ್ಲಾದ್ರೆ ಗೋಡೆಗಳಾದ್ರೂ ನನ್ ಗುರ್ತ ಇಡೀತವೆ."

ಅಪ್ಪ ಏನೂ ಹೇಳಲಿಲ್ಲ. ನಾನು ಸುಮ್ಮನಿರುತ್ತೇನೆಯೇ? ಇಪ್ಪತ್ತೊಂದು ವಯಸ್ಸು, ತಲೆತುಂಬ ಹೊಸ ಓದು. ಅಂಗಳಕ್ಕೆ ಕರೆದು ಅವನಿಗೆ ಪಾಠ ಹೇಳಿದೆ. "ಆಯಮ್ಮ ನಿನ್ನ ಎತ್ತಿ ಆಡಿಸಿದೋಳು ಕಣಪ್ಪ. ಇರಕ್ಕ ಅಂತ ಒಂದ್ ಮಾತು ಅನ್ನಕ್ಕಾಗಲ್ವ ನಿಂಗೆ? ಎದೆ ಅನ್ನದು ಕಲ್ಲಾ?" ಅಪ್ಪ ಟವೆಲನ್ನು ಹೆಗಲ ಮೇಲೆ ಸರಿಯಾಗಿ ಹಾಕಿಕೊಂಡ. "ಐದ್ನೇ ತೂಬ್ ತಾವ ವೋಗ್ಬೇಕು" ಎಂದು ಸೈಕಲ್ ಹತ್ತಿ ಹೋದ. ಕಲ್ಲೇ ಎಂದು ನಾನು ಬರೆದಿಟ್ಟುಕೊಂಡೆ. ಕಾಗದದ ಮೇಲಲ್ಲ, ಒಳಗೆ. ಅಲ್ಲಿ ಬರೆದದ್ದು ಬೇಗ ಅಳಿಸುವುದಿಲ್ಲ. ಅಪ್ಪ ತೀರಿಕೊಂಡ ಮೇಲೂ ಎಷ್ಟೋ ವರ್ಷ ಅದು ಹಾಗೇ ಇತ್ತು.

ಮರುದಿನದ ಸಂಜೆಯೇ ನಾನು ಹೇಳಹೊರಟದ್ದು. ಅವ್ವ ಬೆಳಿಗ್ಗೆಯೇ ಎರಡು ಸೇರು ಅವರೆಕಾಳು ನೆನೆಹಾಕಿದ್ದಳು. ನೆನೆದ ಕಾಳನ್ನು ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಸಿಪ್ಪೆಯಿಂದ ಜಾರಿ ಹೊರಬರುತ್ತದೆ, ಅದೇ ಹಿತುಕಬೇಳೆ. ಸಾರು ಮಾಡಿ ಮುದ್ದೆ ಅದ್ದಿ ಉಂಡವರಿಗೆ ಬೇರೆ ವಿವರಣೆ ಬೇಡ, ಉಣ್ಣದವರಿಗೆ ವಿವರಿಸಿ ಪ್ರಯೋಜನವಿಲ್ಲ. ಎಲ್ಲರೂ ಕೂತು ಹಿತುಕಿದರೆ ಮಾತ್ರ ಮುಗಿಯುವ ಕೆಲಸ ಅದು. ಹೊತ್ತು ಮುಳುಗಿತ್ತು. ನಡುಮನೆಯ ಬಲ್ಬು ಉರಿಯುತ್ತಿತ್ತು. ಆಮೇಲೆ ಉರಿಯಲಿಲ್ಲ.

ಇಲ್ಲಿ ನನ್ನ ಹತ್ತಿರ ಎರಡು ಪಾಠಾಂತರಗಳಿವೆ. ಒಂದರಲ್ಲಿ ದೀಪ ಸುಮ್ಮನೆ ಆರುತ್ತದೆ, ಆ ಕಾಲದ ಎಲ್ಲ ಸಂಜೆಗಳಲ್ಲಿ ಆರುತ್ತಿದ್ದ ಹಾಗೆ. ಇನ್ನೊಂದರಲ್ಲಿ ಅದಕ್ಕೆ ಮುಂಚೆ ಮೀಟರ್ ಬೋರ್ಡಿನ ಕಡೆ ಸ್ಟೂಲು ಎಳೆದ ಸದ್ದು, ಆಮೇಲೆ ಒಂದು ಸಣ್ಣ 'ಟಕ್'. ಮರುದಿನ ಬೆಳಿಗ್ಗೆ ಮೊಳೆಗೆ ನೇತುಹಾಕಿದ್ದ ಅಪ್ಪನ ಅಂಗಿಯ ಜೇಬಿನಲ್ಲಿ, ಬೀಡಿ ಕಟ್ಟಿನ ಪಕ್ಕ, ಫ್ಯೂಸಿನ ಬಿಳಿ ಪಿಂಗಾಣಿ ತುಂಡು. ಈ ಎರಡನೆಯದು ಎಷ್ಟು ಚೆನ್ನಾಗಿದೆಯೆಂದರೆ, ಅಷ್ಟು ಚೆನ್ನಾಗಿರುವುದೇ ನನಗೆ ಅನುಮಾನ.

ಅವ್ವ ಕೇಳಿದಳು, "ಲಾಟೀನ್ ಅಚ್ಲಾ?"

"ಎಣ್ಣೆ ಇಲ್ಲ" ಎಂದ ಅಪ್ಪ.

"ಮೊನ್ನೆ ಇತ್ತಲ್ಲ."

"ಇಲ್ಲ ಅಂದ್ನಲ್ಲ."

"ಇನ್ ಬೇಳೆ ಇತುಕ್ದಂಗೇಯ. ಕಣ್ ಕಾಣ್ದಲೆ ಎಂಗ್ ಇತುಕದು" ಎಂದುಬಿಟ್ಟಳು ಅವ್ವ.

ಅಂದ ಮೇಲೆ ಅವಳಿಗೇ ತಿಳಿಯಿತು. ಮೂಲೆಯ ಚಾಪೆಯಿಂದ ಅತ್ತೆ ನಕ್ಕಳು.

"ಅದಕ್ಯಾಕವ್ವ ಕಣ್ಣು? ತತ್ತಾ ಇಲ್ಲಿ."

ಚಾಪೆ ನಡುಮನೆಯ ಮಧ್ಯಕ್ಕೆ ಬಂತು. ಅತ್ತೆ ಕಾಳಿನ ಪಾತ್ರೆಯನ್ನು ಎಳೆದುಕೊಂಡಳು, ನಮ್ಮನ್ನು ಸುತ್ತ ಕೂರಿಸಿದಳು, ಒಬ್ಬೊಬ್ಬರ ಮಂಡಿಗೂ ಕೈಯಿಟ್ಟು ಇದ್ದಾರೆಂದು ಖಚಿತ ಮಾಡಿಕೊಂಡಳು. ಆಮೇಲೆ ಅವ್ವನಿಗೆ ಹೇಳಿದಳು, ಬೇಳೆ ಹಾಕುವ ಮಡಕೆಗೆ ನಾಲ್ಕು ಬೆರಳು ನೀರು ಹುಯ್ಯಿ ಅಂತ. ಯಾಕೆ ಎಂದು ನಾನು ಕೇಳಿದೆ. ನನಗೆ ಎಲ್ಲದಕ್ಕೂ ಆಧಾರ ಬೇಕಲ್ಲ.

"ಬೇಳೆ ನೀರ್ಗೆ ಬಿದ್ರೆ ಟುಳುಕ್ ಅಂತದೆ. ಸಿಪ್ಪೆ ಬುಟ್ಟಿಗೆ ಬಿದ್ರೆ ಸದ್ದಿಲ್ಲ. ಟುಳುಕ್ ಅನ್ದಿದ್ರೆ ತಪ್ಪಾಕಿದೀಯ ಅಂತ. ಕಿವೀಲಿ ನೋಡ್ಕಳದು ಮಗ."

ಹೀಗೆ ಶುರುವಾಯಿತು. ಟುಳುಕ್, ಟುಳುಕ್. ಅತ್ತೆಯ ಕಡೆಯಿಂದ ಅದು ಮಳೆಹನಿ ಬಿದ್ದ ಹಾಗೆ ಒಂದೇ ಸಮ. ನಮ್ಮ ನಾಲ್ವರ ಕಡೆಯಿಂದ ಯಾವಾಗಲೋ ಒಂದು. ಕಣ್ಣಿದ್ದವರ ಬೆರಳುಗಳು ಎಷ್ಟು ಸೋಮಾರಿಗಳೆಂದು ನನಗೆ ಅಂದು ತಿಳಿಯಿತು. ಸ್ವಲ್ಪ ಹೊತ್ತಿಗೆ ನನಗೂ ಕೈ ಕುದುರಿತು. ಟುಳುಕ್, ಟುಳುಕ್ ಎಂದು ಸಲೀಸಾಗಿ ಬೀಳತೊಡಗಿತು. ನಾನು ಬೀಗುತ್ತಿರುವಾಗಲೇ ಅತ್ತೆ ಕೈ ನಿಲ್ಲಿಸಿದಳು.

"ಮಗ, ನಿನ್ ಟುಳುಕ್ಕು ಎಡಗಡೆಯಿಂದ ಬತ್ತಾ ಅದೆ. ಮಡಕೆ ಬಲಗಡೆ ಅದೆ."

ನನ್ನ ಎಡಕ್ಕೆ, ಬಾಗಿಲ ಪಕ್ಕ, ಕರುವಿಗೆಂದು ಇಟ್ಟಿದ್ದ ಕಲಗಚ್ಚಿನ ಬಕೆಟ್ಟು. ಅದರಲ್ಲೂ ನೀರೇ ತಾನೆ ಇರುವುದು. ಅರ್ಧ ಪಾವಿನಷ್ಟು ಹಿತುಕಬೇಳೆಯನ್ನು ನಾನು ಅದಕ್ಕೆ ಅರ್ಪಿಸಿದ್ದೆ.

"ಎಮ್ಮೆ ಓದ್ತಾವ್ನೆ ಎಮ್ಮೆ" ಎಂದಳು ಸರೋಜಕ್ಕ. "ಕರೂಗೆ ಇತುಕ್ಬೇಳೆ ಸಾರ್ ಕಾಯಿಸ್ತಾವ್ನೆ."

ಆಗ ಅಪ್ಪ ನಕ್ಕ. ಅಪ್ಪ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಂದೂ ನೋಡಲಿಲ್ಲ, ಕೇಳಿದೆ. ಬೆಳಕಿದ್ದಿದ್ದರೆ ಅವನು ನಗುತ್ತಿರಲಿಲ್ಲ ಎಂದು ಈಗ ತೋರುತ್ತದೆ. ಮುಖ ಕಾಪಾಡಿಕೊಳ್ಳಬೇಕಾದ ಕೆಲಸ ಇಲ್ಲದಾಗ ಮನುಷ್ಯ ಎಷ್ಟೋ ಹಗುರವಾಗುತ್ತಾನೆ.

ಕೈ ಕೆಲಸ ಮಾಡುತ್ತಿರಲಿ, ಕಿವಿ ಸುಮ್ಮನೆ ಕೂರಬಾರದು ಎಂದು ಅತ್ತೆ ಇನ್ನೊಂದು ಆಟ ತೆಗೆದಳು. ಒಬ್ಬೊಬ್ಬರೂ ತಮಗೆ ಕೇಳಿಸುವ ಒಂದು ಸದ್ದು ಹೇಳಬೇಕು, ಹೇಳಿದ್ದನ್ನು ಮತ್ತೊಬ್ಬರು ಹೇಳಬಾರದು. ಅಕ್ಕ ಕರು ಮೆಲುಕು ಹಾಕುವುದು ಎಂದಳು. ಅವ್ವ ಜೀರುಂಡೆ ಎಂದಳು. ನಾನು ದೂರದ ರೈಲು ಎಂದೆ. ಅತ್ತೆ ತಲೆ ವಾರೆ ಮಾಡಿದ್ದು ಕತ್ತಲೆಯಲ್ಲೂ ನನಗೆ ಗೊತ್ತಾಯಿತು, ಅಥವಾ ಗೊತ್ತಾಯಿತೆಂದು ಈಗ ಅನ್ನಿಸುತ್ತದೆ.

"ಗಿರಣೀಲಿ ರಾಗಿ ಬೀಸ್ತಾವ್ರೆ. ಗೋದಿ ಆಗಿದ್ರೆ ಸದ್ದು ಒಸಿ ತೆಳ್ಳಗಿರ್ತಿತ್ತು."

ಅಪ್ಪನ ಸರದಿ ಬಂದಾಗ ಅವನು "ನಾಲೆ" ಎಂದ. "ಮೂರಡಿ ನೀರದೆ. ಸದ್ದಲ್ಲೇ ಗೊತ್ತಾಯ್ತದೆ ಕಣಕ್ಕ."

"ಅದ ನಿಂಗೆ ಕಲ್ಸದೋಳು ಯಾರ್ಲಾ?"

"ನೀನೇಯ" ಎಂದ ಅಪ್ಪ. ಅಷ್ಟೇ. ಆದರೆ ಆ ಒಂದು ಮಾತು, ಅವನ ಲೆಕ್ಕದಲ್ಲಿ, ಎಲ್ಲ ತೂಬುಗಳನ್ನೂ ಒಟ್ಟಿಗೆ ಎತ್ತಿದ ಹಾಗೆ.

ಸಾರಾಯಿತು. ಒಲೆಯ ಬೆಳಕಿನಲ್ಲಿ ಉಂಡೆವು. ಕತ್ತಲೆಯಲ್ಲಿ ಉಂಡ ಮುದ್ದೆ ದೊಡ್ಡದಾಗಿರುತ್ತದೆ, ಸಾರು ಬಿಸಿಯಾಗಿರುತ್ತದೆ, ಉಪ್ಪು ಕಡಿಮೆಯಾದರೆ ಹೇಳುವ ಮನಸ್ಸಾಗುವುದಿಲ್ಲ. ಬೆಳಗಾಗಿ ಅತ್ತೆ ಹೇಳಿದ್ದ 'ನಾಳಿದ್ದು' ಬಂತು. ಊರಿಗೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಅತ್ತೆಯ ಎರಡೂ ಸೀರೆಗಳು ಹಿತ್ತಲ ತಂತಿಯ ಮೇಲೆ ಒಣಗುತ್ತಿದ್ದವು. ಅಂದಿನಿಂದ ಬೇಳೆ ಹಿತುಕುವುದು, ಸೊಪ್ಪು ಬಿಡಿಸುವುದು, ಹುಣಸೆಬೀಜ ತೆಗೆಯುವುದು ಅವಳ ಖಾತೆ. ಯಾರಾದರೂ ಕೈಹಾಕಿದರೆ "ನೀ ಕೂತ್ಕಳವ್ವ, ನಾ ಮಾಡ್ತೀನಿ" ಎಂದು ಅವ್ವನಿಗೇ ಹೇಳುತ್ತಿದ್ದಳು. ಅಪ್ಪ ಇರುವವರೆಗೂ ಅವಳು ಆ ಮನೆಯಲ್ಲಿದ್ದಳು.

ಹಾಗಾದರೆ ಅದು ಅಪ್ಪನ ಕೆಲಸವೇ? ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಇದ್ದ ಎಣ್ಣೆಯನ್ನು ಇಲ್ಲವೆಂದು, ಅಕ್ಕನನ್ನು ಉಳಿಸಿಕೊಳ್ಳಲು ಮನೆಗೇ ಕತ್ತಲೆ ಕವಿಸಿದನೇ? ಹಾಗಿದ್ದರೆ ಅಂಗಳದಲ್ಲಿ ನಾನು ಹೇಳಿದ ಪಾಠವೂ, ಒಳಗೆ ಬರೆದಿಟ್ಟುಕೊಂಡ 'ಕಲ್ಲೇ' ಎಂಬುದೂ ಪೂರ್ತಿ ತಪ್ಪು. ಅಥವಾ ಕರೆಂಟು ಎಂದಿನಂತೆ ಹೋಗಿ, ಎಣ್ಣೆ ನಿಜವಾಗಿಯೂ ಮುಗಿದು, ಅಪ್ಪ ಎಂದಿನಂತೆ ಸುಮ್ಮನೆ ಕೂತಿದ್ದು, ಆಮೇಲೆ ಅವನ ಮೇಲೆ ಅಂತಃಕರಣ ಹುಟ್ಟಿದ ಮಗ ಅವನ ಜೇಬಿಗೆ ಒಂದು ಫ್ಯೂಸು ತುರುಕಿದನೇ? ಎರಡನೆಯದು ನನ್ನ ಕಸುಬಿನಲ್ಲಿ ದಿನಾ ಕಾಣುವ ಅಪರಾಧ. ರಾಜರು ಸತ್ತ ಮೇಲೆ ಅವರು ಕಟ್ಟಿಸದ ಕೆರೆಗಳನ್ನು ಅವರ ಹೆಸರಿಗೆ ಹಚ್ಚುವುದು.

ನಮ್ಮ ಕಾಲೇಜಿನಲ್ಲಿ ಸಂಸ್ಕೃತ ಹೇಳುವ ಮೇಷ್ಟ್ರೊಬ್ಬರಿದ್ದಾರೆ, ಮೇಲುಕೋಟೆಯವರು. ಅವರ ತಾತ ಸಂಜೆ ದೀಪವಿಲ್ಲದೆ ಪಾಠ ಒಪ್ಪಿಸಿಕೊಳ್ಳುತ್ತಿದ್ದರಂತೆ. ಗಂಟಲಲ್ಲಿ ಇರುವುದಕ್ಕೆ ಎಣ್ಣೆ ಯಾಕೆ ದಂಡ ಎಂದು. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು, ಒಬ್ಬರ ಮುಖ ಒಬ್ಬರಿಗೆ ಕಾಣದೆ, ತಪ್ಪಿದ ಅಕ್ಷರವನ್ನು ದನಿಯಲ್ಲೇ ಹಿಡಿಯುವುದು. ಇದೂ ದೀಪವಿಲ್ಲದ ಸಂಜೆಯ ಒಂದು ಸುಖವೇ, ನನ್ನಂಥವನಿಗೆ ದಕ್ಕದ್ದು. ಬಿಡುವಿನ ಗಂಟೆಯಲ್ಲಿ ಅವರ ಮುಂದೆ ನನ್ನ ಫ್ಯೂಸಿನ ವ್ಯಾಜ್ಯ ಇಟ್ಟೆ. ಅವರು ನಶ್ಯದ ಡಬ್ಬಿ ಮುಚ್ಚಿದರು.

"ಸ್ಮೃತಿ ಪ್ರಮಾಣ ಅಲ್ಲ ಸ್ವಾಮಿ. ನಮ್ಮ ತಾರ್ಕಿಕರು ನೆನಪನ್ನ ಸಾಕ್ಷಿ ಕಟಕಟೆಗೇ ಹತ್ತಿಸಲ್ಲ. ನಿಮಗೆ ಫ್ಯೂಸು ನೆನಪಿದ್ರೆ ಅದು ನಿಮ್ಮ ಸಂತೋಷ. ಹೊಗೆ ಎಲ್ಲಿ ಕಾಣ್ತು ಅದನ್ನ ಹೇಳಿ, ಬೆಂಕಿ ವಿಚಾರ ಆಮೇಲೆ ನೋಡೋಣ."

ಹೊಗೆ. ಬಸ್ಸಿನಲ್ಲಿ, ತರಗತಿಯಲ್ಲಿ, ಸ್ನಾನದಲ್ಲಿ ಅದನ್ನೇ ಯೋಚಿಸಿದೆ. ನಾಲ್ಕೈದು ದಿನ ಕಳೆದು, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ ಹೊಳೆಯಿತು. ಗಿರಣಿ. ಊರಿಗೇ ಕರೆಂಟು ಹೋಗಿದ್ದರೆ, ನಮ್ಮ ಬೀದಿಯ ಗಿರಣಿಯಲ್ಲಿ ರಾಗಿ ಬೀಸುತ್ತಿದ್ದದ್ದು ಹೇಗೆ?

ಕೆ.ಆರ್. ಪೇಟೆಗೆ ಹೋದೆ. ಸರೋಜಕ್ಕ ಇರುವುದು ಅಲ್ಲಿ. ಅಪ್ಪ ಹೋದ ಮೇಲೆ ಅವ್ವನೂ ಬೇಗ ಹೋದಳು, ಅತ್ತೆಯನ್ನು ಅಕ್ಕ ತನ್ನಲ್ಲಿಗೆ ಕರೆದುಕೊಂಡಳು. ಈಗ ಅತ್ತೆಗೆ ಎಂಬತ್ತು ದಾಟಿದೆ. ಅವರೆಯ ಕಾಲವೇ ಅದು. ನನ್ನ ಅದೃಷ್ಟಕ್ಕೆ ಸಂಜೆ ಕರೆಂಟು ಹೋಯಿತು, ಭಾವ ಬ್ಯಾಟರಿಗೆ ನೀರು ಹಾಕಲು ಮರೆತಿದ್ದರಿಂದ ಇನ್ವರ್ಟರು ಎರಡು ಸಲ ಕೂಗಿ ಪ್ರಾಣಬಿಟ್ಟಿತು. ಅಕ್ಕ ಫೋನಿನ ಟಾರ್ಚು ಹಾಕಲು ಹೋದಳು, ನಾನು ಬೇಡವೆಂದೆ. ಮಡಕೆಗೆ ನೀರು ಹುಯ್ದು ಮೂವರೂ ಕೂತೆವು. ಅತ್ತೆಯ ಬೆರಳು ಗಂಟುಗಟ್ಟಿವೆ, ಮಳೆಹನಿ ಈಗ ವಿರಳ. ಆದರೂ ನಮಗಿಂತ ಮುಂದೆ.

ಸಾಕ್ಷಿಯ ಬಾಯಿಗೆ ಮಾತು ತುರುಕಬಾರದೆಂದು ಕಲಿತವನು ನಾನು. ಗಿರಣಿಯ ಹೆಸರೆತ್ತದೆ ಕೇಳಿದೆ. "ಅತ್ತೆ, ಪಾಂಡವಪುರದಲ್ಲಿ ಒಂದಿನ ಕತ್ಲಲ್ಲಿ ಬೇಳೆ ಹಿತುಕಿದ್ವಲ್ಲ. ಅವತ್ತು ಏನೇನ್ ಸದ್ದು ಕೇಳಿಸ್ತಿತ್ತು?"

"ನೀ ಕಲಗಚ್ಗೆ ಬೇಳೆ ಆಕಿದ್ದೆಲ್ಲ, ಅವತ್ತಾ?" ಎಂದಳು ಅತ್ತೆ. ಮೂವತ್ತು ವರ್ಷದಲ್ಲಿ ನನ್ನ ಬೇರೆ ಸಾಧನೆಗಳು ಅವಳ ಗಮನಕ್ಕೆ ಬಂದ ಹಾಗಿಲ್ಲ. "ಕರು. ರೈಲು. ಗಿರಣೀಲಿ ರಾಗಿ ಬೀಸ್ತಿದ್ರು. ನಿಮ್ಮಪ್ಪನ್ ಉಸುರು. ಓಡ್ ಬಂದೋನಂಗೆ ಉಸುರ್ ಬುಡ್ತಿದ್ದ, ಕೂತಿದ್ದೋನು."

ಆಗ ಎರಡನ್ನೂ ಹೇಳಿದೆ, ಫ್ಯೂಸನ್ನೂ ಗಿರಣಿಯನ್ನೂ. ಅಕ್ಕ ಎಂದಿನಂತೆ ಒಪ್ಪಲಿಲ್ಲ.

"ಗುಡುಗು ಬಂದಾಗೆಲ್ಲ ಅಪ್ಪ ಫ್ಯೂಸ್ ಕೀಳ್ತಿತ್ತು ಕಣೋ. ಅದ ನೋಡಿರ್ತೀಯ."

"ಅವರೆಕಾಯಿ ಕಾಲದಲ್ಲಿ ಗುಡುಗು ಎಲ್ಲಿಂದ ಬರ್ತದಕ್ಕ?"

"ಬಂದಿರ್ತದೆ ಅಕಾಲದಲ್ಲಿ. ಇನ್ನು ಗಿರಣಿ, ಅದು ಡೀಸೆಲ್ ಇಂಜಿನ್ನು. ಗೋಡೆ ಮೇಲೆ ಒಗೆ ಕೊಳವೆ ಇತ್ತು, ದಿನಾ ಕರ್ರಗೆ ಬಿಡೋದು, ನಾನೇ ಕಂಡಿವ್ನಿ. ಅದಕ್ಕೆ ಕರೆಂಟ್ಯಾಕೆ? ನಿನ್ ಓದ್ಗೆ ಇಷ್ಟ್ ಬೆಂಕಿ ಆಕ, ಒಂದ್ ಗಿರಣಿ ಗೊತ್ತಿಲ್ಲ."

ಸಂಸ್ಕೃತದ ಮೇಷ್ಟ್ರಿದ್ದಿದ್ದರೆ ಅಕ್ಕನಿಗೆ ಶಾಲು ಹೊದಿಸುತ್ತಿದ್ದರು. ನನ್ನ ಹೊಗೆಯನ್ನು ಅವಳ ಹೊಗೆ ನುಂಗಿಹಾಕಿತು. ಸೋತವನು ಕೊನೆಗೆ ಅತ್ತೆಯನ್ನೇ ಕೇಳಿದೆ, ಅವತ್ತು ಕರೆಂಟು ಇತ್ತೋ ಇಲ್ಲವೋ ಎಂದು.

"ಇದ್ರೇನು ವೋದ್ರೇನು ಮಗ, ನಂಗೆ ಎಲ್ಡೂ ಒಂದೇಯ. ನಿಮ್ಮಪ್ಪನ್ನ ಕೇಳ್ಬೇಕಾಗಿತ್ತು ನೀನು." ಎರಡು ಬೇಳೆ ನೀರಿಗೆ ಬಿದ್ದವು. "ಕೇಳ್ದಿದ್ದದ್ದೇ ಒಳ್ಳೇದಾಯ್ತು ಬುಡು. ಇಲ್ಲ ಅಂದ್ಬುಡವ್ನು."

ಅಕ್ಕನ ಮನೆಗೆ ಕರೆಂಟು ಬರುವವರೆಗೆ ನಾವು ಮೂವರೂ ಹಾಗೇ ಕೂತಿದ್ದೆವು. ಕತ್ತಲೆಯಲ್ಲಿ ಕೂತು ಆಡುವ ಮಾತಿಗೆ ಒಂದು ಅನುಕೂಲವಿದೆ. ನಡುವೆ ನಿಂತರೂ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಬೆಳಕಿನಲ್ಲಿ ಸುಮ್ಮನಿರುವವನನ್ನು ಏನಾಯಿತೆಂದು ಕೇಳುತ್ತಾರೆ. ಅಪ್ಪ ಬದುಕಿಡೀ ಬೆಳಕಿನಲ್ಲಿ ಸುಮ್ಮನಿದ್ದು ಸಿಕ್ಕಿಬಿದ್ದ, ಪಾಪ. ಅವನ ಮೌನಕ್ಕೆ ಸರಿಯಾದ ಜಾಗ ಕತ್ತಲೆಯಾಗಿತ್ತೇನೋ. ಅಲ್ಲಿ ಅದು ಕಲ್ಲಿನ ಹಾಗೆ ಕಾಣದೆ, ಪಕ್ಕದಲ್ಲಿ ಒಬ್ಬರು ಉಸಿರಾಡುತ್ತಿದ್ದಾರೆ ಎಂಬಷ್ಟೇ ಆಗಿರುತ್ತಿತ್ತು. ಟ್ಯೂಬ್‌ಲೈಟು ಕಣ್ಣು ಮಿಟುಕಿಸಿ ಹತ್ತಿಕೊಂಡಾಗ ಮೂವರೂ ಮುಖ ಕಿವುಚಿದೆವು. ಮುಖ ಕಿವುಚಿದವರು ಇಬ್ಬರು, ಸರಿಯಾಗಿ ಹೇಳಬೇಕೆಂದರೆ. ಅತ್ತೆ, "ಬಂತಾ?" ಎಂದಳು. ನಮ್ಮ ಸದ್ದು ಬದಲಾಯಿತಂತೆ.

ಮುಂದಿನ ಭಾನುವಾರ ಪಾಂಡವಪುರಕ್ಕೆ ಹೋದೆ. ನಮ್ಮ ಮನೆ ಬೇರೆಯವರದಾಗಿ ಮಹಡಿ ಎದ್ದಿದೆ. ಗಿರಣಿ ಅಲ್ಲೇ ಇದೆ, ಈಗ ಯಜಮಾನರ ಮಗ ನಡೆಸುತ್ತಾನೆ. ಹಳೆಯ ಯಜಮಾನರು ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು, ಹುಬ್ಬಿನ ಮೇಲೆಲ್ಲ ಹಿಟ್ಟು. ನೀರುಗಂಟಿ ಬೋರಣ್ಣನ ಮಗ ಎಂದದ್ದಕ್ಕೆ ಗುರುತು ಹಿಡಿದರು. ಟೀ ತರಿಸಿದರು. ಅವರ ಗಿರಣಿಗೆ ಡೀಸೆಲ್ ಇಂಜಿನ್ನು ಇದ್ದದ್ದು ಯಾವ ಕಾಲದಲ್ಲಿ ಎಂದು ಕೇಳಿದೆ.

"ಡೀಸೆಲ್ಲಾ? ಯಾರಪ್ಪ ಯೋಳದ್ದು?"

"ನಮ್ಮಕ್ಕ. ಗೋಡೆ ಮೇಲೆ ಹೊಗೆ ಕೊಳವೆ ಇತ್ತಂತೆ."

"ಅದು ನಮ್ ಬಚ್ಚಲೊಲೆದು ಕಣಪ್ಪ" ಎಂದು ಅವರು ನಕ್ಕು ಕೆಮ್ಮಿದರು. "ಈ ಗೋಡೆ ಆ ಕಡೆ ಬಚ್ಚಲು. ಈಗ್ಲೂ ಅದೆ, ವೋಗ್ ನೋಡು."

ಹೋಗಿ ನೋಡಿದೆ. ಕೊಳವೆಗೆ ತುಕ್ಕು ಹಿಡಿದಿದೆ, ಬುಡದಲ್ಲಿ ಹಂಡೆ ಒಲೆ. ಅಕ್ಕ ಕಂಡ ಹೊಗೆ ನಿಜವೇ, ಬೆಂಕಿಯೂ ನಿಜವೇ. ಅದರಲ್ಲಿ ಬೇಯುತ್ತಿದ್ದದ್ದು ಮಾತ್ರ ಸ್ನಾನದ ನೀರು. ಯಜಮಾನರು ಎದ್ದು ಬಂದು ಒಳಗಿನ ಮೋಟಾರನ್ನೂ ತೋರಿಸಿದರು. ಅಂದಿನದೇ, ಒಳಗಿನ ತಂತಿ ಸುರುಳಿ ಎರಡು ಸಲ ಕಟ್ಟಿಸಿದ್ದಾರೆ. ಹೊರಗೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನ ಕಡೆ ಕೈ ಮಾಡಿದರು. ನಮ್ಮ ಮನೆಗೂ ಗಿರಣಿಗೂ ಅದೇ ಒಂದಂತೆ.

"ಮೂರ್ ಫೇಸೂ ಇದ್ರೇಯ ಈ ಮೋಟ್ರು ತಿರುಗ್ತದೆ. ಒಂದ್ ವೋದ್ರೂ ಗೊರ್ ಅಂದು ನಿಂತ್ಕತದೆ. ಲೈನಲ್ಲಿ ಕರೆಂಟ್ ವೋಗಿ ಬೀದೀಲಿ ಒಂದ್ ಮನೇಲಿ ದೀಪ ಆರುದ್ರೂ ನಮ್ ಗಿರಣಿ ನಿಂತೋಯ್ತಿತ್ತು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಇದರಿಂದ ಏನೇನು ಸಿದ್ಧವಾಗುವುದಿಲ್ಲ ಎಂಬುದನ್ನೆಲ್ಲ ಒಂದೊಂದಾಗಿ ಹೇಳಿಕೊಂಡೆ. ಅಪ್ಪನ ಜೇಬಿನಲ್ಲಿ ಏನಿತ್ತೋ ತಿಳಿಯುವುದಿಲ್ಲ. ಲಾಟೀನಿನಲ್ಲಿ ಎಣ್ಣೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ. ಅವನ ಮನಸ್ಸಿನಲ್ಲಿ ಏನಿತ್ತೆಂದು ನಾನು ಬರೆಯಲಾರೆ. ಖಚಿತವಾಗಿ ಹೇಳಬಲ್ಲದ್ದು ಇಷ್ಟೇ, ಅದನ್ನು ನಾನೇ ಹೋಗಿ ವಿಚಾರಿಸಿ, ಮುಟ್ಟಿ ನೋಡಿ ಬಂದಿದ್ದೇನೆ: ಗಿರಣಿ ತಿರುಗುತ್ತಿದ್ದ ಆ ಸಂಜೆ ನಮ್ಮ ಬೀದಿಯಲ್ಲಿ ಕರೆಂಟು ಇತ್ತು.